ಬ್ರಾಡ್‌ಬರಿ ಕಟ್ಟಡ: ನಿಜದ ಊರು, ಕಲ್ಪನೆಯ ಊರು

ಥ್ರಿಲ್ಲರ್ ನಡೆಯುವುದು ನಿಜವಾದ ಊರಿನಲ್ಲಿ, ವೈಜ್ಞಾನಿಕ ಕಥೆ ನಡೆಯುವುದು ಕಲ್ಪನೆಯ ಊರಿನಲ್ಲಿ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಸಿನಿಮಾ ಚರಿತ್ರೆ ಇದನ್ನು ಒಪ್ಪುವುದಿಲ್ಲ. 1924ರಲ್ಲಿ ನ್ಯೂಯಾರ್ಕಿನ ಗಗನಚುಂಬಿಗಳನ್ನು ಕಂಡು ಬಂದ ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ 1927ರಲ್ಲಿ ಭವಿಷ್ಯದ ಊರಿನ ಕಥೆ ‘ಮೆಟ್ರೊಪೊಲಿಸ್’ ಕೊಟ್ಟರು. 1965ರಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್ ಸೆಟ್ಟಿನ ಹಂಗಿಲ್ಲದೆ ರಾತ್ರಿಯ ಪ್ಯಾರಿಸ್ಸನ್ನೇ ‘ಆಲ್ಫಾವಿಲ್’ ಎಂಬ ಕಲ್ಪನೆಯ ಊರು ಮಾಡಿದರು. 1972ರ ‘ಸೊಲಾರಿಸ್’ ಚಿತ್ರದಲ್ಲಿ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಗೆ ಟೋಕಿಯೊದ ಹೆದ್ದಾರಿಗಳೇ ಭವಿಷ್ಯದ ನಗರವಾಗಿ ಒದಗಿದವು.

ನಿಜ, ಕಲ್ಪನೆಗಳ ಈ ಗೋಜಲು ಬಿಗಿಯಾಗುವುದು ಲಾಸ್ ಏಂಜಲೀಸ್‌ನ ಬ್ರಾಡ್‌ಬರಿ ಕಟ್ಟಡದಲ್ಲಿ. 1893ರಲ್ಲಿ ಎದ್ದುನಿಂತ ಐದು ಅಂತಸ್ತಿನ ಈ ಕಟ್ಟಡಕ್ಕೆ ಹೊರಗಿನಿಂದ ಅಂಥ ಠೀವಿಯೇನಿಲ್ಲ. ಒಳಗೆ ಕಾಲಿಟ್ಟರೆ ಗಾಜಿನ ಸೂರಿನಿಂದ ನೆಲದವರೆಗೂ ಬೆಳಕು. ಸುತ್ತಲೂ ಬಳ್ಳಿಗಳ ಚಿತ್ತಾರದ ಕಬ್ಬಿಣದ ಕಟಾಂಜನ, ಎದುರಿಗೆ ಪಂಜರದಂಥ ಲಿಫ್ಟ್. ಎಡ್ವರ್ಡ್ ಬೆಲ್ಲಮಿ 1888ರ ಕಾದಂಬರಿಯೊಂದರಲ್ಲಿ 2000ನೇ ಇಸವಿಯ ಬಾಸ್ಟನ್ ನಗರವನ್ನು ಕಲ್ಪಿಸಿಕೊಂಡಿದ್ದರು. ಅಲ್ಲಿನ ಅಂಗಡಿಯ ಹಜಾರಕ್ಕೆ ಕಿಟಕಿಗಳಿಂದಷ್ಟೇ ಅಲ್ಲ, ಗುಮ್ಮಟದಿಂದಲೂ ಬೆಳಕು ಬೀಳುತ್ತದೆ. ಬ್ರಾಡ್‌ಬರಿಯ ನಕ್ಷೆಗಾರ ಜಾರ್ಜ್ ವೈಮನ್‌ಗೆ ಆ ವರ್ಣನೆಯೇ ಪ್ರೇರಣೆ ಎನ್ನುತ್ತಾರೆ. ಕಟ್ಟಡದ ವಿನ್ಯಾಸದಲ್ಲಿ ವೈಮನ್ ಪಾಲು ಎಷ್ಟು ಎಂಬ ಬಗ್ಗೆ ತಕರಾರು ಇದ್ದೇ ಇದೆ.

1950ರ ‘ಡಿ.ಒ.ಎ.’ ಥ್ರಿಲ್ಲರಿನಲ್ಲಿ, ವಿಷವೇರಿ ಸಾವಿನ ಅಂಚಿನಲ್ಲಿರುವ ನಾಯಕ ತನ್ನ ಕೊಲೆಗಾರನನ್ನು ಬೆನ್ನಟ್ಟಿ ಬರುವುದು ಇದೇ ಕಟ್ಟಡಕ್ಕೆ. 1982ರ ವೈಜ್ಞಾನಿಕ ಚಿತ್ರ ‘ಬ್ಲೇಡ್ ರನ್ನರ್’ ಇಲ್ಲೇ 2019ರ ನವೆಂಬರನ್ನು ತೋರಿಸಿತು: ನೀರು ತೊಟ್ಟಿಕ್ಕುವ, ಕಸ ತುಂಬಿದ ಹಾಳು ಮನೆ, ಸೂರಿನಾಚೆ ತೇಲಿಹೋಗುವ ದೀಪಗಳು. ಅದೇ ಚಿತ್ರದ ಮಳೆ ಸುರಿಯುವ ಬೀದಿಗಳು ಮಾತ್ರ ಬರ್ಬ್ಯಾಂಕ್ ಸ್ಟುಡಿಯೊದ ಹಳೆಯ ‘ನ್ಯೂಯಾರ್ಕ್ ಬೀದಿ’ ಸೆಟ್. ಅಂದರೆ ಪುಸ್ತಕದ ಊರು ಕಟ್ಟಡವಾಗಿ, ಕಟ್ಟಡ ಮತ್ತೆ ಕಲ್ಪನೆಯ ಊರಾಗಿ, ಪಕ್ಕದಲ್ಲೇ ನಕಲಿ ನ್ಯೂಯಾರ್ಕ್ ಲಾಸ್ ಏಂಜಲೀಸಿನ ವೇಷ ತೊಟ್ಟಿತು.

ಆ ಚಿತ್ರದ ಕೊನೆಯ ಬೆನ್ನಟ್ಟುವಿಕೆಯಲ್ಲಿ ಎದೆ ಡವಗುಟ್ಟುವುದಕ್ಕೆ ಈ ಕಟ್ಟಡವೂ ಕಾರಣ. ಕಟಾಂಜನ ಎಲ್ಲಿ ತಿರುಗುತ್ತದೆ, ಮೆಟ್ಟಿಲು ಎಲ್ಲಿಗೆ ಏರುತ್ತದೆ ಎಂಬುದು ನಮಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಈಚೆಗೆ ಇಡೀ ನಗರವನ್ನೇ ಕಂಪ್ಯೂಟರಿನಲ್ಲಿ ಕಟ್ಟುವ ರೂಢಿ ಬಂದಮೇಲೆ ಗೋಪುರಗಳಿಗೆ ಎತ್ತರ ಬಂದಿದೆ, ಆದರೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾರಿ ಯಾವುದೆಂದು ಪ್ರೇಕ್ಷಕನಿಗೆ ತಿಳಿಯುವುದು ಕಡಿಮೆಯಾಗಿದೆ. ದಾರಿಯೇ ತಿಳಿಯದಿದ್ದರೆ ಓಡುವವನಿಗಾಗಿ ಭಯಪಡುವುದಾದರೂ ಹೇಗೆ?

2019ರ ನವೆಂಬರ್ ಬಂದುಹೋಯಿತು. ಆ ಚಿತ್ರದ ಹಾರುವ ಕಾರುಗಳು ಬರಲಿಲ್ಲ. ಬ್ರಾಡ್‌ಬರಿಯಲ್ಲಿ ಕಚೇರಿಗಳು ನಡೆಯುತ್ತಲೇ ಇವೆ. ನೋಡಲು ಬಂದವರನ್ನು ಮೊದಲ ಮೆಟ್ಟಿಲಸಾಲಿನ ತಿರುವಿನಿಂದ ಮೇಲಕ್ಕೆ ಬಿಡುವುದಿಲ್ಲ.