ಪಿಯುಸಿ ಸಾಕಿದ್ದ ಹುದ್ದೆಗೆ ಸರ್ಕಾರಿ ಆದೇಶದಿಂದ ಪದವಿ ಕೇಳಬಹುದೇ?

ಓದುಗರ ಪ್ರಶ್ನೆ: ರಾಜ್ಯ ಸರ್ಕಾರಿ ನೌಕರರ ವಿದ್ಯಾರ್ಹತೆ, ಸಂಬಳಗಳನ್ನು ನಿಗದಿ ಮಾಡುವುದು ವಿಧಾನಮಂಡಲವೋ, ಸರ್ಕಾರವೋ? ಇಲಾಖೆಯೊಂದು ಆದೇಶ ಹೊರಡಿಸಿ, ಪಿಯುಸಿ ಸಾಕಿದ್ದ ಹುದ್ದೆಗೆ ಇನ್ನು ಮುಂದೆ ಪದವಿಯೇ ಬೇಕು ಎಂದರೆ ಅದು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಆ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ, ಅಂದರೆ ಯಾವ ಹುದ್ದೆಗೆ ಯಾರನ್ನು ಹೇಗೆ ನೇಮಿಸಬೇಕೆಂದು ಹೇಳುವ ಇಲಾಖೆಯ ನಿಯಮಗಳಲ್ಲಿ, ಪಿಯುಸಿ ಎಂದು ಇರುವವರೆಗೆ ಸುತ್ತೋಲೆಯಾಗಲಿ ಆದೇಶವಾಗಲಿ ಅದನ್ನು ಪದವಿ ಮಾಡಲಾರದು. ನಿಯಮವನ್ನೇ ತಿದ್ದಬೇಕು, ತಿದ್ದುವುದಕ್ಕೂ ಒಂದು ಕ್ರಮವಿದೆ.

ಇದರ ಬೇರು ಸಂವಿಧಾನದ 309ನೇ ವಿಧಿಯಲ್ಲಿದೆ. ನೇಮಕಾತಿ ಮತ್ತು ಸೇವಾ ಷರತ್ತುಗಳನ್ನು ಶಾಸಕಾಂಗ ಕಾಯ್ದೆಯ ಮೂಲಕ ನಿಯಂತ್ರಿಸಬಹುದು. ಅಂಥ ಕಾಯ್ದೆ ಬರುವವರೆಗೆ ರಾಜ್ಯದ ಮಟ್ಟದಲ್ಲಿ ರಾಜ್ಯಪಾಲರು ನಿಯಮ ಮಾಡಬಹುದು. ಕರ್ನಾಟಕದಲ್ಲಿ ಆ ಕಾಯ್ದೆ ಬಂದಿದೆ: ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978. ಹೆಸರಿನಲ್ಲಿ 1978 ಇದ್ದರೂ ಅದು 1990ರ 14ನೇ ಅಧಿನಿಯಮ. ಅಧಿಸೂಚನೆಗಳಲ್ಲಿ ಎರಡೂ ಇಸವಿ ಒಟ್ಟಿಗೆ ಕಾಣಿಸುವುದರಿಂದ ಎರಡು ಕಾಯ್ದೆ ಎಂದು ಗೊಂದಲ ಬೇಡ. ಈ ಅಧಿನಿಯಮ ಪ್ರತಿ ಹುದ್ದೆಯ ಅರ್ಹತೆಯನ್ನು ತಾನೇ ಬರೆದಿಲ್ಲ. ನಿಯಮ ಮಾಡುವ ಅಧಿಕಾರವನ್ನು 3ನೇ ಸೆಕ್ಷನ್‌ನಲ್ಲಿ ಸರ್ಕಾರಕ್ಕೆ ಕೊಟ್ಟು, ಜೊತೆಗೆ ಒಂದು ಕಟ್ಟಳೆ ಹಾಕಿದೆ: ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಬಾಧಿತರಾಗುವವರಿಂದ ಆಕ್ಷೇಪಣೆ ಮತ್ತು ಸಲಹೆ ಕರೆಯಬೇಕು, ಅವನ್ನು ಪರಿಶೀಲಿಸಿದ ಮೇಲೆಯೇ ಅಂತಿಮ ನಿಯಮ.

ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು ಕರಡು ಪ್ರಕಟವಾದ ದಿನದಿಂದ 15 ದಿನ. ಹೆಚ್ಚಿನ ಅಭ್ಯರ್ಥಿಗಳು ಕೈಚೆಲ್ಲುವುದು ಇಲ್ಲೇ. ಪತ್ರಿಕೆಯಲ್ಲಿ ಸುದ್ದಿ ನೋಡಿ ಬೇಸರಪಡುತ್ತಾರೆ, ಆಕ್ಷೇಪಣೆ ಮಾತ್ರ ಕಳಿಸುವುದಿಲ್ಲ. ಕರಡಿನ ಅಧಿಸೂಚನೆ ಸಂಖ್ಯೆ, ದಿನಾಂಕ, ನಿಯಮದ ಸಂಖ್ಯೆ, ನಿಮಗಾಗುವ ತೊಂದರೆ, ಆ ಜಾಗದಲ್ಲಿ ಇರಬೇಕಾದ ಪದಗಳು, ಇಷ್ಟನ್ನೂ ಬರೆದು ಕರಡಿನಲ್ಲಿ ಸೂಚಿಸಿದ ಅಧಿಕಾರಿಗೆ ಅವಧಿಯೊಳಗೆ ತಲುಪಿಸಿ ಸ್ವೀಕೃತಿ ಇಟ್ಟುಕೊಳ್ಳಿ. ‘ಇದು ಅನ್ಯಾಯ’ ಎಂದಷ್ಟೇ ಬರೆದರೆ ಕಡತದಲ್ಲಿ ಅದಕ್ಕೆ ತೂಕವಿರುವುದಿಲ್ಲ.

ಹಾಗಾದರೆ ಆದೇಶಗಳಿಗೆ ಬೆಲೆಯೇ ಇಲ್ಲವೇ? ಇದೆ. 1967ರ ಸಂತ ರಾಮ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ: ನಿಯಮ ಏನೂ ಹೇಳದ ಕಡೆ ಆಡಳಿತಾತ್ಮಕ ಸೂಚನೆ ಆ ಖಾಲಿ ತುಂಬಬಹುದು, ನಿಯಮ ಹೇಳಿದ್ದನ್ನು ಮೀರುವಂತಿಲ್ಲ. ಅದಕ್ಕೂ ಹಿಂದೆ, ನಮ್ಮದೇ ಮೈಸೂರು ರಾಜ್ಯದ ಎಂಜಿನಿಯರ್‌ಗಳ ನೇಮಕಾತಿಯಿಂದ ಹುಟ್ಟಿದ ಬಿ.ಎನ್. ನಾಗರಾಜನ್ ಪ್ರಕರಣದಲ್ಲಿ (1966), ನಿಯಮವೇ ಇಲ್ಲದಿದ್ದರೆ ಸರ್ಕಾರ ತನ್ನ ಕಾರ್ಯಾಂಗದ ಅಧಿಕಾರದಿಂದಲೇ ನೇಮಕ ಮಾಡಬಹುದು ಎಂದಿತ್ತು. ಹಾಗಾಗಿ ಯಾವುದೇ ಆದೇಶ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಆ ವಿಷಯದಲ್ಲಿ ನಿಯಮ ಮಾತಾಡಿದೆಯೇ ಎಂಬುದನ್ನು.

ನೋಡುವುದು ಹೀಗೆ. ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳ ಅನುಸೂಚಿ ತೆಗೆಯಿರಿ. ಹುದ್ದೆ, ನೇಮಕಾತಿ ವಿಧಾನ, ಕನಿಷ್ಠ ಅರ್ಹತೆ ಎಂಬ ಕಾಲಂಗಳು ಅಲ್ಲಿರುತ್ತವೆ. ಮೂಲ ನಿಯಮವೊಂದನ್ನೇ ಓದಿ ನಿಲ್ಲಬೇಡಿ, ತಿದ್ದುಪಡಿಗಳು ಬೇರೆ ಬೇರೆ ರಾಜ್ಯಪತ್ರಗಳಲ್ಲಿ ಚದುರಿರುತ್ತವೆ. ವಯೋಮಿತಿಯಂಥ ಎಲ್ಲ ಹುದ್ದೆಗಳಿಗೂ ಸಾಮಾನ್ಯವಾದ ಸಂಗತಿಗಳಿಗೆ 1977ರ ಸಾಮಾನ್ಯ ನೇಮಕಾತಿ ನಿಯಮಗಳನ್ನು ನೋಡಬೇಕು. ಬಳಿಕ ಅಂತಿಮ ತಿದ್ದುಪಡಿಯ ದಿನಾಂಕವನ್ನು ನೇಮಕಾತಿ ಅಧಿಸೂಚನೆಯ ದಿನಾಂಕದ ಪಕ್ಕ ಇಟ್ಟು ನೋಡಿ. ಕರಡಷ್ಟೇ ಹೊರಬಿದ್ದಿದ್ದರೆ ಹಳೆಯ ಅರ್ಹತೆಯೇ ಜಾರಿಯಲ್ಲಿದೆ. ನೇಮಕಾತಿ ಶುರುವಾದ ಮೇಲೆ, ನಿಯಮವೋ ಅಧಿಸೂಚನೆಯೋ ಅವಕಾಶ ಕೊಡದ ಹೊರತು, ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್ 7ರಂದು ಹೇಳಿದೆ. ‘ತತ್ಸಮಾನ’ ಎಂಬ ಪದದ ಬಗ್ಗೆಯೂ ಎಚ್ಚರವಿರಲಿ: ಡಿಪ್ಲೊಮಾ ಕೇಳಿದ ಹುದ್ದೆಗೆ ಪದವಿ ತಾನಾಗಿಯೇ ಸಲ್ಲುವುದಿಲ್ಲ, ನಿಯಮ ಹಾಗೆ ಹೇಳಿರಬೇಕು.

ಇನ್ನು ಸಂಬಳ. ಶಾಸಕರ ವೇತನ ಹೆಚ್ಚಬೇಕಾದರೆ 1956ರ ಕಾಯ್ದೆಗೆ ತಿದ್ದುಪಡಿ ವಿಧೇಯಕ ಸದನದಲ್ಲಿ ಅಂಗೀಕಾರವಾಗಬೇಕು. ನೌಕರರದ್ದು ಹಾಗಲ್ಲ, ಪರಿಷ್ಕೃತ ವೇತನ ನಿಯಮಗಳ ಮೂಲಕ ಆಗುತ್ತದೆ. 7ನೇ ರಾಜ್ಯ ವೇತನ ಆಯೋಗದ ವರದಿಯ ಮೇಲೆ ಆರ್ಥಿಕ ಲಾಭ 2024ರ ಆಗಸ್ಟ್ 1ರಿಂದ ಸಿಕ್ಕಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಶೇ 58.5ರ ಏರಿಕೆ ಎಂದು ಕೇಳಿದ್ದೀರಲ್ಲ, ಅದರಲ್ಲಿ ಶೇ 31 ಅದಾಗಲೇ ಕೈಗೆ ಬರುತ್ತಿದ್ದ ತುಟ್ಟಿಭತ್ಯೆಯನ್ನು ಮೂಲ ವೇತನಕ್ಕೆ ಸೇರಿಸಿದ್ದು. ಫಿಟ್‌ಮೆಂಟ್‌, ಅಂದರೆ ವೇತನ ಪರಿಷ್ಕರಣೆಯ ನಿಜವಾದ ಹೆಚ್ಚಳ, ಎಂದು ಹೊಸದಾಗಿ ಸಿಕ್ಕಿದ್ದು ಶೇ 27.5. ಆಯೋಗದ ವರದಿ ಶಿಫಾರಸು ಮಾತ್ರ. ಸರ್ಕಾರ ಒಪ್ಪಿ ನಿಯಮ ಮಾಡುವವರೆಗೆ ಅದನ್ನು ಹಕ್ಕು ಎಂದು ಕೇಳಲಾಗದು.

ವಿಧಾನಮಂಡಲದ ಹಿಡಿತ ಇಲ್ಲಿ ಹಣದ ಮೂಲಕ ಬರುತ್ತದೆ. ಇಲಾಖಾವಾರು ಬೇಡಿಕೆಗಳಿಗೆ ವಿಧಾನಸಭೆ ಮತ ಕೊಡಬೇಕು, ಖಜಾನೆಯಿಂದ ಹಣ ತೆಗೆಯಲು ಅನುಮತಿ ಕೊಡುವ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ನಿಯಮಗಳು ಕಾಯ್ದೆಯ ಚೌಕಟ್ಟಿನೊಳಗಿವೆಯೇ ಎಂದು ನೋಡಲು ಅಧೀನ ಶಾಸನ ರಚನಾ ಸಮಿತಿಯಿದೆ. ಈ ಸಮಿತಿಯ ಕೆಲಸಕ್ಕೆ ಸದನದಲ್ಲೂ ಹೊರಗೂ ಸಿಗುವ ಗಮನ ತೀರಾ ಕಡಿಮೆ ಎಂಬುದು ನಮ್ಮ ಕೊರಗು.

ಶಾಸಕಾಂಗದ ಅಧಿಕಾರಕ್ಕೂ ಮಿತಿಯಿದೆ. ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆ ಕುರಿತು ಕರ್ನಾಟಕ 2002ರಲ್ಲಿ ಮಾಡಿದ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು, ಪ್ರಾತಿನಿಧ್ಯದ ಅಂಕಿಅಂಶ ಕಲೆಹಾಕದೆ ಮಾಡಿದ್ದೆಂಬ ಕಾರಣಕ್ಕೆ. ಅಂಕಿಅಂಶ ಸಂಗ್ರಹಿಸಿ ತಂದ ಮುಂದಿನ ಕಾಯ್ದೆಯನ್ನು 2019ರ ಮೇ 10ರಂದು ಎತ್ತಿಹಿಡಿಯಿತು.

ನಿಯಮಕ್ಕೆ ವಿರುದ್ಧವಾದ ಆದೇಶದಿಂದ ನಿಮಗೆ ಹಾನಿಯಾಗಿದ್ದರೆ ಮೊದಲ ಬಾಗಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಬೆಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿ ಅದರ ಪೀಠಗಳಿವೆ. ಅಂತಿಮ ಆದೇಶವಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನೇಮಕಾತಿಯ ತಕರಾರಾದರೆ ಅಷ್ಟು ಕಾಯಬೇಡಿ. ಆಯ್ಕೆಪಟ್ಟಿ ಪ್ರಕಟವಾಗಿಬಿಟ್ಟರೆ ಆಯ್ಕೆಯಾದವರನ್ನೂ ಪ್ರತಿವಾದಿಗಳನ್ನಾಗಿ ಸೇರಿಸಬೇಕಾಗುತ್ತದೆ.