ಹೈಬ್ರಿಡ್ ಕಾರಲ್ಲಿ ಬ್ಯಾಟರಿ ವೈರ್ ಲೂಸ್ ಆಗಿದ್ಯಾ? ಮೊದ್ಲು ಯಾವ ಬ್ಯಾಟರಿ ಅಂತ ಹೇಳಿ

ಪ್ರಶ್ನೆ: ಸರ್, ನಮ್ದು ಹೈಬ್ರಿಡ್ ಗಾಡಿ. ಹಂಪ್ ಹಾರಿದಾಗ ಡ್ಯಾಶ್‌ಬೋರ್ಡ್ ಲೈಟೆಲ್ಲಾ ಮಿಣುಕುತ್ತೆ. ಬ್ಯಾಟರಿ ಹತ್ರ ವೈರ್ ಲೂಸಾ ಅಂತ ಮನೇಲೇ ನೋಡ್ಬಹುದಾ?

ಯಾವ ಬ್ಯಾಟರಿ ಸ್ವಾಮಿ? ಇರೋದು ಎರಡು. ಒಂದು ಗಾಡಿ ಓಡಿಸೋ ಹೈ ವೋಲ್ಟೇಜ್ ದೊಡ್ಡ ಬ್ಯಾಟರಿ. ಇನ್ನೊಂದು 12 ವೋಲ್ಟ್‌ದು ಚಿಕ್ಕದು, ಅದನ್ನ ನೀವೇ ನೋಡ್ಬಹುದು. ಟೊಯೊಟಾದ ಮೂರನೇ ತಲೆಮಾರಿನ ಪ್ರಿಯಸ್, ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಅದು ಡಿಕ್ಕಿಯಲ್ಲಿರುತ್ತೆ, ಬಾನೆಟ್ ಎತ್ತಿ ಹುಡುಕಬೇಡಿ. ಗಾಡಿ ಆಫ್ ಮಾಡಿ ಟರ್ಮಿನಲ್ ಕ್ಲ್ಯಾಂಪ್ ಹಿಡಿದು ಕೈಯಲ್ಲೇ ತಿರುಗಿಸಿ, ಅಲ್ಲಾಡಿದ್ರೆ ಲೂಸು, ಅಷ್ಟೇ. ಬಿಳಿ-ಹಸಿರು ಪುಡಿ ಕೂತಿದ್ಯಾ, ಮೈನಸ್ ವೈರ್ ಬಾಡಿಗೆ ಕೂರೋ ಬೋಲ್ಟ್ ಗಟ್ಟಿ ಇದ್ಯಾ ನೋಡಿ. ಕಣ್ಣಿಗೆ ಚೆನ್ನಾಗೇ ಕಾಣ್ತಿದ್ರೆ ಹೆಡ್‌ಲೈಟ್ ಹಾಕಿ, ಮಲ್ಟಿಮೀಟರ್ (ವೋಲ್ಟ್ ಅಳೆಯೋ ಮೀಟರ್) ಒಂದು ಕಡ್ಡಿ ಬ್ಯಾಟರಿ ಪೋಸ್ಟ್ (ಕ್ಲ್ಯಾಂಪ್ ಕೂರೋ ಗೂಟ) ಮೇಲೆ, ಇನ್ನೊಂದು ಅದಕ್ಕೇ ಹಾಕಿರೋ ಕ್ಲ್ಯಾಂಪ್ ಮೇಲೆ ಇಡಿ. ಹೆಚ್ಚುಕಮ್ಮಿ ಸೊನ್ನೆ ಬರ್ಬೇಕು, 0.2 ವೋಲ್ಟ್ ಬಂದ್ರೂ ಜಾಯಿಂಟ್ ಸರಿ ಇಲ್ಲ. ಈ ಟೆಸ್ಟ್ ಎಷ್ಟೋ ಮೆಕ್ಯಾನಿಕ್‌ಗಳೂ ಮಾಡಲ್ಲ, ನೀವು ಕಲ್ತಿರಿ. ಇಂಥ ಗಾಡೀಲಿ ಇಂಜಿನ್ ತಿರುಗಿಸೋದು ದೊಡ್ಡ ಬ್ಯಾಟರಿ, ಹಾಗಾಗಿ ಸೆಲ್ಫ್ ಎಳೆಯೋ ಸದ್ದು ಕೇಳಿ ಕಂಡುಹಿಡಿಯೋ ಹಳೇ ಉಪಾಯ ನಡೆಯಲ್ಲ.

ಈಗ ಆರೆಂಜ್ ಕೇಬಲ್, ಅಂದ್ರೆ ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ಹರಿಯೋ ಕೇಬಲ್ ಬಗ್ಗೆ ಜನ ಹೇಳೋ ಹಾಳು ಮಾತಿಗೆ ಬರೋಣ. "12 ವೋಲ್ಟ್ ಮೈನಸ್ ಬಿಚ್ಚಿಬಿಟ್ರೆ ಆರೆಂಜ್ ಕೇಬಲ್ ಮುಟ್ಬಹುದು, ಮನೆ ಮೇನ್ ಆಫ್ ಮಾಡ್ದಂಗೆ." ಎಷ್ಟು ಸಲ ಇಲ್ಲ ಅಂದ್ರೂ ಮತ್ತೆ ಯಾರೋ ಬಂದು ಇದನ್ನೇ ಹೇಳ್ತಾರೆ! ಅರ್ಧ ನಿಜ ಇರೋದೇ ಇದರ ಅಪಾಯ. ಮೈನಸ್ ಬಿಚ್ಚಿದ್ರೆ ದೊಡ್ಡ ಬ್ಯಾಟರಿ ಪ್ಯಾಕ್ ಒಳಗಿನ ರಿಲೇ (ಕರೆಂಟ್‌ನಿಂದ ನಡೆಯೋ ಸ್ವಿಚ್ಚು) ತೆರೆದುಕೊಂಡು ಹೊರಗಿನ ಕೇಬಲ್‌ಗೆ ಕರೆಂಟ್ ಕಟ್ ಆಗ್ಬೇಕು, ಒಪ್ಪಿದೆ, ಆದ್ರೆ ರಿಲೇ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿದ್ರೆ? ಅದಿರ್ಲಿ, ಇನ್ವರ್ಟರ್‌ನ (ಬ್ಯಾಟರಿ ಡಿಸಿನ ಮೋಟರ್‌ಗೆ ಬೇಕಾದ ಎಸಿ ಮಾಡೋ ಪೆಟ್ಟಿಗೆ) ಕೆಪಾಸಿಟರ್, ಅಂದ್ರೆ ಚಾರ್ಜ್ ಹಿಡಿದಿಟ್ಟುಕೊಳ್ಳೋ ಭಾಗ, ಅದರ ಒಳಗೆ ಚಾರ್ಜ್ ಉಳಿದಿರುತ್ತೆ, ಅದಕ್ಕೇ ಟೊಯೊಟಾ ಟೆಕ್ನಿಷಿಯನ್‌ಗಳು ಸರ್ವೀಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಾಲನ್ನ ನಡುವೆ ಕಡಿಯೋ ಪ್ಲಗ್) ಕಿತ್ತ ಮೇಲೂ 10 ನಿಮಿಷ ಕಾಯ್ತಾರೆ, ಆಮೇಲೂ ಇನ್ಸುಲೇಟೆಡ್ ಗ್ಲೌಸ್ ಹಾಕ್ಕೊಂಡೇ ಮೀಟರ್ ಹಿಡಿದು ಸೊನ್ನೆ ಅಂತ ಖಾತ್ರಿ ಮಾಡ್ಕೋತಾರೆ. ಪ್ಯಾಕ್ ಒಳಗಂತೂ ವೋಲ್ಟೇಜ್ ಎಲ್ಲೂ ಹೋಗಿರಲ್ಲ. ತೂಬು ಮುಚ್ಚಿದ್ರೆ ಕಾಲುವೆ ಒಣಗುತ್ತೆ, ಕೆರೆ ಒಣಗುತ್ತಾ? ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ 7.2 ವೋಲ್ಟ್‌ನ 28 ಮಾಡ್ಯೂಲ್ ಸಾಲಾಗಿ ಸೇರಿ 201.6 ವೋಲ್ಟ್ ಡಿಸಿ. ಪ್ಲಗ್ ಕಿತ್ರೆ ಸಾಲು ನಡುವೆ ತುಂಡಾಗುತ್ತೆ ಅಷ್ಟೇ, ತುಂಡುಗಳಲ್ಲಿ ವೋಲ್ಟೇಜ್ ಹಂಗೇ ಕೂತಿರುತ್ತೆ.

ಹಾಗಾಗಿ ಆರೆಂಜ್ ಕೇಬಲ್ ವಿಷ್ಯದಲ್ಲಿ ನಿಮ್ಮ ಕೆಲಸ ಟಾರ್ಚ್ ಹಾಕಿ ದೂರದಿಂದ ನೋಡೋದು ಮಾತ್ರ. ಇಲಿ ಕಡಿದಿದ್ಯಾ, ಕವಚ ಹರಿದಿದ್ಯಾ, ಕ್ಲಿಪ್ ಬಿಟ್ಟು ಜೋತಾಡ್ತಿದ್ಯಾ. ಏನಾದ್ರೂ ಕಂಡ್ರೆ ಓಡಿಸ್ಬೇಡಿ, ಟೋ ಮಾಡ್ಸಿ.

ಅಂದಹಾಗೆ, ಯಾರೂ ಕೇಳದ ಒಂದು ವಿಷ್ಯ. ಹಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟ್ ಪಕ್ಕ ಒಂದು ಜಾಲರಿ ಇರುತ್ತಲ್ಲ, ಅದು ಎಸಿ ವೆಂಟ್ ಅಲ್ಲ, ದೊಡ್ಡ ಬ್ಯಾಟರಿ ಉಸಿರಾಡೋ ದಾರಿ. ಅದರ ಮೇಲೆ ಬ್ಯಾಗು, ಬೆಡ್‌ಶೀಟು ಒತ್ತಿಟ್ಟು ಊರಿಗೆ ಹೊರಟರೆ ಬ್ಯಾಟರಿ ಬಿಸಿಯಾಗಿ ವಾರ್ನಿಂಗ್ ಬರುತ್ತೆ, ಆಗಲೂ ನೀವು "ವೈರ್ ಲೂಸು" ಅಂತಲೇ ಮೆಸೇಜ್ ಮಾಡ್ತೀರ. ಒಳಗಿನ ಫಿಲ್ಟರ್‌ನ ಸರ್ವೀಸ್‌ನಲ್ಲಿ ಕ್ಲೀನ್ ಮಾಡ್ಸಿ, ಮನೇಲಿ ನಾಯಿ ಇದ್ರಂತೂ ತಪ್ಪದೆ.