ನೀಲಿ ಬಣ್ಣ ನೇರಳೆಯಾದದ್ದು ಯಾಕೆ?

1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇನ್ನೂ ವೈದ್ಯಕೀಯ ವಿದ್ಯಾರ್ಥಿ. ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ಅಂಗಾಂಶದ ತೆಳು ಚೂರುಗಳಿಗೆ ಹಚ್ಚಿ ನೋಡುವ ಹುಚ್ಚು ಅವರಿಗಿತ್ತು. ಕೆಲವು ಕೋಶಗಳೊಳಗೆ ರವೆಯಂಥ ಕಾಳುಗಳು ಕಂಡವು. ಹಚ್ಚಿದ ಬಣ್ಣ ಆ ಕಾಳುಗಳ ಮೇಲೆ ಬೇರೆ ಬಣ್ಣವಾಗುತ್ತಿತ್ತು. ಇವತ್ತಿಗೂ ಟೊಲುಯ್ಡಿನ್ ಬ್ಲೂ ಹಾಕಿದರೆ ಸುತ್ತ ಎಲ್ಲ ನೀಲಿ, ಆ ಕಾಳುಗಳು ಮಾತ್ರ ನೇರಳೆ. ಚೆನ್ನಾಗಿ ಉಂಡ ಕೋಶಗಳು ಇವು ಎಂದುಕೊಂಡು ಎರ್ಲಿಕ್ ಇಟ್ಟ ಹೆಸರು ಮಾಸ್ಟ್ ಕೋಶ (ಜರ್ಮನ್‌ನಲ್ಲಿ ‘ಮಾಸ್ಟ್’ ಅಂದರೆ ಮೇಯಿಸಿ ಕೊಬ್ಬಿಸುವುದು).

ಕಾಳುಗಳಲ್ಲಿ ಇರುವುದು ಹೆಪಾರಿನ್, ಅಂದರೆ ಸಕ್ಕರೆಗಳ ಉದ್ದನೆಯ ಸರ. ಅದರಲ್ಲಿ ಪ್ರತಿ ಎರಡು ಸಕ್ಕರೆಗೆ ಎರಡು ಮೂರು ಸಲ್ಫೇಟ್‌ಗಳು ಅಂಟಿಕೊಂಡಿರುತ್ತವೆ. ಸಲ್ಫೇಟ್‌ಗೆ ಋಣ ವಿದ್ಯುದಂಶ ಇದೆ. ಬಣ್ಣದ ಅಣುಗಳಿಗೆ ಧನ. ಅವು ಓಡಿ ಬಂದು ಸರದ ಮೇಲೆ ಒತ್ತೊತ್ತಾಗಿ ಕೂರುತ್ತವೆ, ಆ ಇಕ್ಕಟ್ಟಿನಲ್ಲಿ ಬೆಳಕನ್ನು ಹೀರುವ ರೀತಿಯೇ ಬದಲಾಗುತ್ತದೆ. ಅದಕ್ಕೇ ನೇರಳೆ.

ಹೆಪಾರಿನ್ ಅಂದರೆ ನಮಗೆ ನೆನಪಾಗುವುದು ಡಯಾಲಿಸಿಸ್, ಐಸಿಯು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಔಷಧಿಯನ್ನು ಈಗ ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. (ನಮ್ಮ ‘ಹೆಪ್ಪು’ ಪದಕ್ಕೂ ಇದಕ್ಕೂ ನಂಟಿಲ್ಲ. ಮೊದಲು ನಾಯಿಯ ಯಕೃತ್ತಿನಲ್ಲಿ ಸಿಕ್ಕಿತು, ಯಕೃತ್ತಿಗೆ ಗ್ರೀಕರು ಹೇಳುವ ಪದದಿಂದ ಹೆಸರು ಬಂತು.) ಆದರೆ ಮಾಸ್ಟ್ ಕೋಶ ಇದನ್ನು ಮಾಡಿಕೊಳ್ಳುವುದು ಬೇರೆಯದೇ ಕೆಲಸಕ್ಕೆ. 1999ರಲ್ಲಿ ಎರಡು ತಂಡಗಳು ಸಲ್ಫೇಟ್ ಅಂಟಿಸುವ ಒಂದು ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿದವು. ಇಲಿಗಳು ಬದುಕಿದವು, ಮರಿಯನ್ನೂ ಹಾಕಿದವು. ಅವುಗಳ ಮಾಸ್ಟ್ ಕೋಶಗಳು ಮಾತ್ರ ಅರೆಖಾಲಿ! ಮೈಮೇಲೆ ಪಿತ್ತದ ಗಂಧೆ ಏಳಿಸುವ ಹಿಸ್ಟಮಿನ್ ಆಗಲಿ, ಪ್ರೋಟೀನ್ ಕತ್ತರಿಸುವ ಕಿಣ್ವಗಳಾಗಲಿ ಅಲ್ಲಿ ಸರಿಯಾಗಿ ನಿಲ್ಲಲಿಲ್ಲ. ಅವಕ್ಕೂ ಧನ ವಿದ್ಯುದಂಶ ಇದೆಯಲ್ವಾ, ಹಿಡಿದಿಡಲು ಸಲ್ಫೇಟ್ ಬೇಕು. ಎರ್ಲಿಕ್‌ರ ಬಣ್ಣವನ್ನು ಎಳೆದುಕೊಂಡ ಸೆಳೆತವೇ ಕೋಶದ ಉಗ್ರಾಣವನ್ನೂ ಕಾಯುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಮಾತು ಇದೇ.

ಈ ಸರ ಹೇಗೆ ತಯಾರಾಗುತ್ತದೆ ಎಂದು ತಿಳಿಯಲು ದಾರಿ ಮಾಡಿದ್ದು ಕ್ಯಾನ್ಸರ್. ಇಲಿಗಳ ಮಾಸ್ಟ್ ಕೋಶದ ಗಡ್ಡೆಗಳಲ್ಲಿ ಒಂದೇ ಬಗೆಯ ಕೋಶ ರಾಶಿ ರಾಶಿ ಸಿಗುತ್ತದೆ. 1960ರ ದಶಕದಿಂದ ಅವನ್ನು ಅರೆದು ಸೋಸಿ ವಿಜ್ಞಾನಿಗಳು ಒಂದೊಂದೇ ಹಂತ ಬಿಡಿಸಿದರು. ಮೊದಲು ಬರೀ ಸಕ್ಕರೆಯ ಸರ, ಆಮೇಲೆ ಅದರ ಮೇಲೆ ಸಲ್ಫೇಟ್.

ಮನುಷ್ಯರಿಗೆ ಬರುವ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಕೆಡುವುದು ಮಾಸ್ಟ್ ಕೋಶದಂತೆಯೇ ಇನ್ನೊಂದು ರೋಗನಿರೋಧಕ ಕೋಶ, ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶ. ಅದರ ಹೊರಮೈಯಲ್ಲಿ ಸಿಂಡಿಕಾನ್-1 ಎಂಬ ಪ್ರೋಟೀನ್ ಇದೆ. ಅದರಿಂದ ಹೆಪಾರಿನ್‌ನ ಹತ್ತಿರದ ನೆಂಟ ಹೆಪರಾನ್ ಸಲ್ಫೇಟ್ ಜೋತಾಡುತ್ತಿರುತ್ತದೆ. ಸಲ್ಫೇಟ್ ಇಲ್ಲಿ ಹೆಪಾರಿನ್‌ಗಿಂತ ಕಡಿಮೆ. ಬೆಳೆಯಲು ಹೇಳುವ ಪ್ರೋಟೀನ್‌ಗಳು ಈ ಸರಕ್ಕೆ ಸಿಕ್ಕಿಕೊಳ್ಳುತ್ತವೆ. ಮೈಲೋಮಾ ಕೋಶ ಇದನ್ನು ಜಾಸ್ತಿ ಬಳಸಿಕೊಳ್ಳುತ್ತದೆ. ಸಿಂಡಿಕಾನ್ ತುಂಡಾಗಿ ಅಸ್ಥಿಮಜ್ಜೆಯಲ್ಲೂ ರಕ್ತದಲ್ಲೂ ಸೇರಿಕೊಂಡರೂ ಸರದ ಹಿಡಿತ ಹೋಗುವುದಿಲ್ಲ, ಸುತ್ತಲಿನ ಜಾಗವನ್ನೂ ಗಡ್ಡೆಗೆ ಒಗ್ಗುವಂತೆ ಮಾಡುತ್ತದೆ. ರಕ್ತದಲ್ಲಿ ಈ ತುಂಡುಗಳು ಹೆಚ್ಚಿದ್ದ ರೋಗಿಗಳ ಸ್ಥಿತಿ ಕಷ್ಟದ್ದೇ ಎಂದು ಅಧ್ಯಯನಗಳಲ್ಲಿ ಕಂಡಿದೆ.

ಅಸ್ಥಿಮಜ್ಜೆ ಪರೀಕ್ಷೆಯ ವರದಿಯಲ್ಲಿ ‘ಸಿಡಿ138’ ಎಂದು ಬರೆದಿರುತ್ತದೆ. ಅದು ಇದೇ ಸಿಂಡಿಕಾನ್-1. ಅದರ ಪ್ರೋಟೀನ್ ಭಾಗವನ್ನು ಗುರುತಿಸಿ ಹಚ್ಚುವ ಬಣ್ಣದಿಂದ ಪ್ಲಾಸ್ಮಾ ಕೋಶಗಳು ಸಾಮಾನ್ಯವಾಗಿ ಕಂದಾಗಿ ಕಾಣುತ್ತವೆ. ಆರೋಗ್ಯವಂತ ಕೋಶವೂ ಕಂದು, ಕೆಟ್ಟದ್ದೂ ಕಂದು. ಹಾಗಾಗಿ ರೋಗತಜ್ಞರು ಎಣಿಸಲು ಕೂರುತ್ತಾರೆ. ನೂರರಲ್ಲಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಇವೆಯೇ, ಎಲ್ಲವೂ ಒಂದೇ ಬಗೆಯ ಪ್ರತಿಕಾಯ ಮಾಡುತ್ತಿವೆಯೇ ಎಂದು ನೋಡುತ್ತಾರೆ.